ಪಾಠದ ಹಿಂದೆ ಬಲೆ: ಗೋವಾ ರೇಬೀಸನ್ನು ಹಿಮ್ಮೆಟ್ಟಿಸಿದ ಬಗೆ

ಕಾರವಾರದಿಂದ ಕಾಳಿ ಸೇತುವೆ ದಾಟಿ, ಮಾಜಾಳಿ ಹಾದು ಮುಂದೆ ಹೋದರೆ ಗೋವಾದ ಕಾಣಕೋಣ ತಾಲ್ಲೂಕು. ಗಡಿಯ ಎರಡೂ ಕಡೆ ಅದೇ ಗದ್ದೆ, ಅದೇ ತೆಂಗಿನ ತೋಟ, ಅದೇ ಕೊಂಕಣಿ, ಮೀನು ಪೇಟೆಯ ಸುತ್ತ ಅದೇ ಬಗೆಯ ನಾಯಿಗಳು. ಜನಸಂಖ್ಯೆಯಲ್ಲೂ ಗೋವಾ ರಾಜ್ಯಕ್ಕೂ ಉತ್ತರ ಕನ್ನಡ ಜಿಲ್ಲೆಗೂ ಹೆಚ್ಚು ವ್ಯತ್ಯಾಸವಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 14.6 ಲಕ್ಷ, ಇಲ್ಲಿ ಸುಮಾರು 14.4 ಲಕ್ಷ. ಇಷ್ಟು ಹತ್ತಿರದ ನೆರೆಯಲ್ಲಿ 2013ರಿಂದ 2019ರವರೆಗೆ ರೇಬೀಸ್ ವಿರುದ್ಧ ನಡೆದ ಕೆಲಸವನ್ನು ನಮ್ಮ ಗ್ರಾಮ ಪಂಚಾಯಿತಿಗಳು ಕುಳಿತು ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ‘ಜನರಲ್ಲಿ ಅರಿವು ಮೂಡಿಸಬೇಕು’ ಎಂದು ಪ್ರತಿ ಸಭೆಯಲ್ಲೂ ಹೇಳಿ ಏಳುವವರು ಮೊದಲು ಓದಬೇಕು.

ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾರ್ಯಕ್ರಮದ ಪೂರ್ಣ ವರದಿ 2022ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ನಾಯಿಗಳಲ್ಲಿ ಪ್ರತಿ ತಿಂಗಳು ಕಂಡುಬರುತ್ತಿದ್ದ ರೇಬೀಸ್ ಪ್ರಕರಣಗಳು ಶೇ 92ರಷ್ಟು ಇಳಿದವು. ಅಧ್ಯಯನದ ಕೊನೆಯ ವರ್ಷಗಳಾದ 2018 ಮತ್ತು 2019ರಲ್ಲಿ ರೇಬೀಸ್‌ನಿಂದ ಮನುಷ್ಯರು ಸತ್ತ ಪ್ರಕರಣ ಇಲ್ಲ. ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಲಾಯಿತು, 1.5 ಲಕ್ಷ ಮಕ್ಕಳಿಗೆ ರೇಬೀಸ್ ಬಗೆಗಿನ ಪಾಠ ತಲುಪಿತು. ರಾಜ್ಯದ ಜನಸಂಖ್ಯೆಯ ಎದುರು ಇಟ್ಟು ನೋಡಿದರೆ ಹತ್ತು ಜನರಲ್ಲಿ ಒಬ್ಬರು ಪ್ರತಿ ವರ್ಷ ಈ ಪಾಠ ಕೇಳಿದ ಲೆಕ್ಕ.

ಲಸಿಕೆ ಪಡೆದ ನಾಯಿಗಳು, ಪಾಠ ಕೇಳಿದ ಮಕ್ಕಳು: ಈ ಎರಡು ಸಂಖ್ಯೆಗಳು ಒಟ್ಟಿಗೆ ಇರುವುದರಲ್ಲೇ ಪ್ರಕರಣದ ತಿರುಳಿದೆ. ಪಾಠ ಮಾತ್ರ ನಡೆದಿದ್ದರೆ ಏನಾಗುತ್ತಿತ್ತು ಎನ್ನುವುದು ನಮಗೆ ಗೊತ್ತೇ ಇದೆ, ಏಕೆಂದರೆ ದೇಶದ ಹೆಚ್ಚಿನ ಕಡೆ ನಡೆಯುತ್ತಿರುವುದು ಅದೇ.

ಹಳ್ಳಿಗೆ ಗೊತ್ತಿರುವುದು, ಗೊತ್ತಿಲ್ಲದಿರುವುದು

ಹುಚ್ಚುನಾಯಿ ಕಚ್ಚಿದರೆ ಸಾವು ಬರುತ್ತದೆ ಎಂದು ಗೊತ್ತಿಲ್ಲದ ಹಳ್ಳಿಗ ಈ ದೇಶದಲ್ಲಿ ಸಿಗುವುದು ಕಷ್ಟ. ಅರಿವಿನ ಕೊರತೆ ಎಂದು ನಾವು ಸುಲಭವಾಗಿ ಹೇಳುವುದು ಬಹುಪಾಲು ಬೇರೆ ಕೊರತೆಗಳ ಮೊತ್ತ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ, ಖಾರದ ಪುಡಿ, ಸೀಮೆಎಣ್ಣೆ ಹಚ್ಚುವ ರೂಢಿ ಇನ್ನೂ ಇದೆ. ಉರಿ ಹತ್ತಿದರೆ ವಿಷ ಸುಟ್ಟಿತು ಎಂಬ ನಂಬಿಕೆ. ನಾಟಿ ಔಷಧಿ ಕೊಡುವವರ ಬಳಿ ಹೋಗುವುದಕ್ಕೂ ಒಂದು ತರ್ಕವಿದೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದಿಲ್ಲ. ಹಾಗಾಗಿ ಬೇರಿನ ರಸ ಕುಡಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಊರು ಔಷಧಿಗೆ ಕೈ ಮುಗಿಯುತ್ತದೆ. ಸತ್ತ ಒಬ್ಬನ ಲೆಕ್ಕವನ್ನು ‘ಪಥ್ಯ ತಪ್ಪಿದ’ ಎಂಬ ಖಾತೆಗೆ ಬರೆಯಲಾಗುತ್ತದೆ. ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸಮಯ ಬೇಕು. ಅಷ್ಟರಲ್ಲಿ ಕಚ್ಚಿದ ನೆನಪೇ ಮಾಸಿರುತ್ತದೆ.

ಇನ್ನೊಂದು ಹಳೆಯ ಭಯ ಹೊಕ್ಕುಳ ಸುತ್ತಲಿನ ಹದಿನಾಲ್ಕು ಇಂಜೆಕ್ಷನ್. ನರದ ಅಂಗಾಂಶದಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತ 2004ರ ಕೊನೆಗೆ ನಿಲ್ಲಿಸಿತು. ಈಗಿನದು ತೋಳಿಗೆ ಕೊಡುವ ಚುಚ್ಚುಮದ್ದು. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಆದರೆ ಅಜ್ಜಿಯ ಕಾಲದ ಭಯಕ್ಕೆ ಸರ್ಕಾರಿ ಆದೇಶ ತಲುಪುವುದಿಲ್ಲ. ಮಕ್ಕಳು ಅದನ್ನೇ ಕೇಳಿ ಬೆಳೆದಿರುತ್ತಾರೆ. ಹೀಗಾಗಿ ನಾಯಿಮರಿ ಪರಚಿದರೂ ಮನೆಯಲ್ಲಿ ಹೇಳುವುದಿಲ್ಲ. ಒಂದು ಕಡೆ ಸೂಜಿಯ ಭಯ, ಇನ್ನೊಂದು ಕಡೆ ‘ನಾಯಿಯ ತಂಟೆಗೆ ಯಾಕೆ ಹೋದೆ’ ಎಂಬ ಬೈಗುಳದ ಭಯ. ಜಗತ್ತಿನಲ್ಲಿ ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎತ್ತರ ಕಡಿಮೆ ಇರುವುದರಿಂದ ಮಕ್ಕಳಿಗೆ ಮುಖ, ಕುತ್ತಿಗೆಗೆ ಗಾಯವಾಗುವ ಅಪಾಯ ಹೆಚ್ಚು. ಮಿದುಳಿಗೆ ಹತ್ತಿರವಾದಷ್ಟೂ ವೈರಸ್ ಬೇಗ ತಲುಪುತ್ತದೆ.

ದೇಶದ ಚಿತ್ರ ಹೀಗಿದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ಸಮೀಕ್ಷೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ, 5,726 ರೇಬೀಸ್ ಸಾವು. ಹಿಂದೆ ಹೇಳುತ್ತಿದ್ದ 20,000ಕ್ಕಿಂತ ಇದು ಬಹಳ ಕಡಿಮೆ. ಆದರೂ ತಡೆಯಬಹುದಾಗಿದ್ದ ಸಾವುಗಳೇ ಎಲ್ಲವೂ. ನಾಯಿ ಕಚ್ಚಿಸಿಕೊಂಡವರಲ್ಲಿ ಐದರಲ್ಲಿ ಒಬ್ಬರು ಲಸಿಕೆಯನ್ನೇ ಪಡೆದಿರಲಿಲ್ಲ.

ತರಗತಿಯಲ್ಲಿ ಏನು ಹೇಳಿದರು

ಬ್ರಿಟನ್ನಿನ ಪಶುವೈದ್ಯ ಲ್ಯೂಕ್ ಗ್ಯಾಂಬಲ್ ಕಟ್ಟಿದ ‘ಮಿಷನ್ ರೇಬೀಸ್’ 2013ರಲ್ಲಿ ಭಾರತದ ಹಲವು ಕಡೆ ನಾಯಿಗಳಿಗೆ ಲಸಿಕೆ ಹಾಕುತ್ತ ಬಂತು. ಗೋವಾದಲ್ಲಿ ಅದು ನೆಲೆಯೂರಿ ರಾಜ್ಯದ ಪಶುಸಂಗೋಪನಾ ಇಲಾಖೆಯೊಂದಿಗೆ ಸೇರಿ ಇಡೀ ರಾಜ್ಯಕ್ಕೆ ಹರಡಿತು. ಇದರಲ್ಲಿ ಶಿಕ್ಷಣದ ತಂಡ ಬೇರೆಯೇ ಇತ್ತು. ಲಸಿಕೆ ಹಾಕುವವರು ಬಿಡುವಾದಾಗ ಶಾಲೆಗೆ ಹೋಗಿ ಭಾಷಣ ಮಾಡುವ ಏರ್ಪಾಡಲ್ಲ. ಶಾಲೆಯಿಂದ ಶಾಲೆಗೆ ಹೋಗುವುದೇ ಆ ತಂಡದ ಉದ್ಯೋಗ.

ಇಂಥ ಪಾಠದಲ್ಲಿ ಹೇಳಬೇಕಾದ ವಿಷಯ ಬಹಳ ಕಡಿಮೆ, ಅದೇ ಅದರ ಬಲ. ಉಣ್ಣುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬೇಡ. ಗುರ್ರೆನ್ನುವ ನಾಯಿ ಎದುರಾದರೆ ಓಡಬೇಡ, ಕೈ ಕಟ್ಟಿ ಮರದಂತೆ ನಿಲ್ಲು. ಮೇಲೆ ಬಿದ್ದರೆ ಮುಖ, ಕುತ್ತಿಗೆ ಮುಚ್ಚಿಕೊಂಡು ಕಲ್ಲಿನಂತೆ ಮುದುಡು. ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆ. ದೊಡ್ಡವರಿಗೆ ಹೇಳು. ಆಸ್ಪತ್ರೆಗೆ ಹೋಗು. ವಿಚಿತ್ರವಾಗಿ ಆಡುವ ನಾಯಿ ಕಂಡರೆ ಸುದ್ದಿ ಕೊಡು.

ಸೋಪಿನ ಹದಿನೈದು ನಿಮಿಷದ ಬಗ್ಗೆ ಸ್ವಲ್ಪ ನಿಲ್ಲಬೇಕು. ರೇಬೀಸ್ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಲಸಿಕೆ ಕೆಲಸ ಶುರು ಮಾಡಲು ದಿನಗಳು ಬೇಕು, ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಇರುವ ಆಸ್ಪತ್ರೆ ತಲುಪಲು ಗಂಟೆಗಳು ಬೇಕು. ಆದರೆ ಸೋಪು ಬಚ್ಚಲಿನಲ್ಲೇ ಇದೆ. 2025ರಲ್ಲಿ ಕೇರಳದಲ್ಲಿ ಲಸಿಕೆ ಪಡೆದ ಮೇಲೂ ಮಕ್ಕಳು ಸತ್ತ ಸುದ್ದಿ ಬಂದಾಗ ಲಸಿಕೆಯನ್ನೇ ಸಂಶಯಿಸುವ ಮಾತು ಎದ್ದಿತು. ತಲೆ, ಮುಖದ ಆಳವಾದ ಗಾಯಗಳಲ್ಲಿ ವೈರಸ್ ಲಸಿಕೆಗಿಂತ ಮುಂದೆ ಓಡಬಲ್ಲದು. ಅಲ್ಲಿ ತೊಳೆಯುವುದು ಮತ್ತು ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುವುದು ಎಷ್ಟು ಬೇಗ ಆಯಿತು ಎನ್ನುವುದೇ ಬದುಕು ಸಾವಿನ ಪ್ರಶ್ನೆ. ಇದನ್ನು ವೈದ್ಯರು ದೊಡ್ಡವರಿಗೆ ಎಷ್ಟೋ ಬಾರಿ ಹೇಳಿದ್ದಾರೆ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಅಮ್ಮ ಗದ್ದೆಯಲ್ಲಿರುವಾಗ ತಮ್ಮನಿಗೆ ನಾಯಿ ಕಚ್ಚಿದರೆ ನಲ್ಲಿಯ ಹತ್ತಿರ ಇರುವುದು ಆರನೇ ತರಗತಿಯ ಅಕ್ಕ. ಪಾಠವನ್ನು ಮಕ್ಕಳಿಗೆ ಹೇಳುವುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಮಕ್ಕಳ ಮೂಲಕ ಮನೆಗೆ ಸಂದೇಶ ತಲುಪುತ್ತದೆ ಎಂಬ ಇನ್ನೊಂದು ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಮಗು ಹೇಳಿತೆಂದು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತುವ ಅಪ್ಪಂದಿರು ಕಡಿಮೆ. ನಾಲ್ಕು ಸುತ್ತಿನ ಚುಚ್ಚುಮದ್ದಿಗೆ ನಾಲ್ಕು ದಿನದ ಕೂಲಿ ಹೋಗುತ್ತದೆ. 28ನೇ ದಿನ ಬರುವಷ್ಟರಲ್ಲಿ ಗಾಯ ಒಣಗಿ ಕಲೆ ಉಳಿದಿರುತ್ತದೆ.

ಪಾಠ ಕೇಳಿದ ಮೇಲೆ ಯಾರಿಗೆ ಫೋನ್ ಮಾಡಬೇಕು

ಗೋವಾದ ಕಾರ್ಯಕ್ರಮ ನಮ್ಮ ಸಾಮಾನ್ಯ ಜಾಗೃತಿ ಕಾರ್ಯಕ್ರಮಗಳಿಂದ ಬೇರೆಯಾಗುವುದು ಇಲ್ಲಿ. ಸೆಪ್ಟೆಂಬರ್ 28ರಂದು, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನವೆಂದು ನಮ್ಮಲ್ಲೂ ಸಭೆಗಳಾಗುತ್ತವೆ. ಬ್ಯಾನರ್, ಭಾಷಣ, ಫೋಟೊ, ಚಹಾ. ಶಂಕಿತ ನಾಯಿ ಕಂಡರೆ ತಿಳಿಸಿ ಎಂದು ಕರಪತ್ರ ಹೇಳುತ್ತದೆ. ಯಾರಿಗೆ? ಪಂಚಾಯಿತಿಗೆ ಹೇಳಿದರೆ ಪಶು ಆಸ್ಪತ್ರೆಗೆ ಹೇಳಿ ಎನ್ನುತ್ತಾರೆ, ಪಶು ಆಸ್ಪತ್ರೆಯಲ್ಲಿ ನಾಯಿ ಹಿಡಿಯುವವರಿಲ್ಲ. ಕೊನೆಗೆ ಊರಿನ ಹುಡುಗರು ದೊಣ್ಣೆ ಹಿಡಿದು ಹೊರಡುತ್ತಾರೆ. ನಾಯಿ ಸಾಯುತ್ತದೆ, ಹೂಳುತ್ತಾರೆ. ಅದಕ್ಕೆ ರೇಬೀಸ್ ಇತ್ತೇ, ಅದು ಎಷ್ಟು ನಾಯಿಗಳನ್ನು ಕಚ್ಚಿತ್ತು ಎನ್ನುವುದು ಅದರೊಂದಿಗೇ ಮಣ್ಣಾಗುತ್ತದೆ.

ಗೋವಾದಲ್ಲಿ ಸಹಾಯವಾಣಿಗೆ ಕರೆ ಬಂದರೆ ತರಬೇತಿ ಪಡೆದ ತಂಡ ಬಂದು ನಾಯಿಯನ್ನು ಹಿಡಿಯುತ್ತಿತ್ತು. ಲಕ್ಷಣಗಳು ಸ್ಪಷ್ಟವಾಗಿದ್ದರೆ ನೋವಿಲ್ಲದಂತೆ ಕೊನೆಗಾಣಿಸಿ ಮಿದುಳಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಸಂಶಯವಷ್ಟೇ ಇದ್ದರೆ ಪ್ರತ್ಯೇಕವಾಗಿಟ್ಟು ನೋಡುತ್ತಿದ್ದರು. ರೇಬೀಸ್ ಇದ್ದು ಜೊಲ್ಲಿನಲ್ಲಿ ವೈರಸ್ ಹೊರಬರುವ ಹಂತದ ನಾಯಿ ಹತ್ತು ದಿನಕ್ಕಿಂತ ಹೆಚ್ಚು ಆರೋಗ್ಯವಾಗಿ ಉಳಿಯುವುದಿಲ್ಲ. ನಂತರ ಆ ಜಾಗದ ಸುತ್ತಲಿನ ನಾಯಿಗಳಿಗೆ ಮತ್ತೆ ಲಸಿಕೆ. ಆ ನಾಯಿಯ ಸಂಪರ್ಕಕ್ಕೆ ಬಂದ ಜನರನ್ನು ಹುಡುಕಿ ಆಸ್ಪತ್ರೆಗೆ ಕಳಿಸುವ ಕೆಲಸ.

ಈ ಸರಪಳಿಯ ಮೊದಲ ಕೊಂಡಿ ಫೋನ್ ಮಾಡಿದವರು. ಯಾವ ಇಲಾಖೆಯೂ 3,702 ಚದರ ಕಿಲೋಮೀಟರ್ ಉದ್ದಗಲಕ್ಕೆ ನಾಯಿ ಕಾಯುವ ಸಿಬ್ಬಂದಿಯನ್ನು ಇಡಲಾರದು. ನಾಯಿ ಜೊಲ್ಲು ಸುರಿಸುತ್ತ, ಕಂಡದ್ದನ್ನೆಲ್ಲ ಕಚ್ಚುತ್ತ, ಇಲ್ಲವೇ ಮೂಲೆಯಲ್ಲಿ ಮಂಕಾಗಿ, ಕೆಳದವಡೆ ಜೋತುಬಿದ್ದು ಕುಳಿತಿದೆ ಎಂದು ಗುರುತಿಸುವುದು ಕಲಿತವರಿಗೆ ಮಾತ್ರ ಸಾಧ್ಯ. ಮಂಕಾಗಿರುವ ಬಗೆಯನ್ನು ಹೆಚ್ಚಿನವರು ರೇಬೀಸ್ ಎಂದುಕೊಳ್ಳುವುದೇ ಇಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಬಾಯಿಗೆ ಕೈ ಹಾಕುತ್ತಾರೆ. ಶಾಲೆಯಲ್ಲಿ ಹೇಳಿದ ಪಾಠ ಈ ಅರ್ಥದಲ್ಲಿ ಬೇಹುಗಾರಿಕೆಯ ತರಬೇತಿ. ನನ್ನ ದೃಷ್ಟಿಯಲ್ಲಿ ಗೋವಾದ ಆರೋಗ್ಯ ಶಿಕ್ಷಣದ ದೊಡ್ಡ ಫಲ ತೊಳೆದ ಗಾಯಗಳಲ್ಲ, ಬಂದ ಕರೆಗಳು.

ಬಲೆ ಮತ್ತು ಎಪ್ಪತ್ತರ ಲೆಕ್ಕ

ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆ ತಲುಪಿದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆ. ಒಂದು ರೋಗಿಷ್ಠ ನಾಯಿ ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗೆ ರೋಗ ದಾಟಿಸುತ್ತದೆ. ಆದ್ದರಿಂದ ನೂರಕ್ಕೆ ನೂರು ಬೇಕಾಗಿಲ್ಲ. ಆದರೆ ಬೀದಿನಾಯಿಯ ಆಯುಸ್ಸು ಚಿಕ್ಕದು, ಮರಿಗಳು ಹುಟ್ಟುತ್ತಲೇ ಇರುತ್ತವೆ. ಈ ವರ್ಷದ ಎಪ್ಪತ್ತು ಮುಂದಿನ ವರ್ಷಕ್ಕೆ ಎಪ್ಪತ್ತಾಗಿ ಉಳಿಯುವುದಿಲ್ಲ.

ಒಂದು ಕಡೆ ಟೇಬಲ್ ಹಾಕಿಕೊಂಡು ‘ನಿಮ್ಮ ನಾಯಿ ತನ್ನಿ’ ಎಂದು ಕೂರುವ ಶಿಬಿರ ನಮ್ಮ ಹಳ್ಳಿಗಳಲ್ಲಿ ಯಾಕೆ ಸೋಲುತ್ತದೆ ಎಂದು ನಾಯಿ ಸಾಕಿದವರಿಗೆ ಗೊತ್ತು. ಮನೆಯವರದ್ದೇ ಆದರೂ ಹಗ್ಗ ಕಂಡಿರದ ನಾಯಿ ಅದು. ಅನ್ನ ಹಾಕುವವರು ಮೂರು ಮನೆಯವರು, ಯಜಮಾನ ಯಾರೂ ಅಲ್ಲ. ಗೋವಾದ ತಂಡಗಳು ಬಲೆ ಹಿಡಿದು ಬೀದಿ ಬೀದಿ ಸುತ್ತಿದವು. ಕೈಗೆ ಸಿಕ್ಕುವ ನಾಯಿಯನ್ನು ಕೈಯಿಂದ, ಸಿಗದ್ದನ್ನು ಬಲೆಯಿಂದ ಹಿಡಿದು, ಲಸಿಕೆ ಹಾಕಿ, ಮೈಮೇಲೆ ಬಣ್ಣದ ಗುರುತು ಮಾಡಿ ಅಲ್ಲೇ ಬಿಟ್ಟವು. ಯಾವ ಓಣಿ ಮುಗಿಯಿತು, ಯಾವುದು ಉಳಿಯಿತು ಎಂದು ಮೊಬೈಲ್ ಆ್ಯಪ್‌ನ ನಕ್ಷೆ ತೋರಿಸುತ್ತಿತ್ತು. ಆಮೇಲೆ ಅದೇ ಜಾಗದಲ್ಲಿ ಸುತ್ತಾಡಿ ಬಣ್ಣವಿರುವ, ಇಲ್ಲದ ನಾಯಿಗಳನ್ನು ಎಣಿಸುವುದು. ಎಪ್ಪತ್ತು ಮುಟ್ಟದಿದ್ದರೆ ಮತ್ತೆ ಬಲೆ. ‘ಇಷ್ಟು ಡೋಸ್ ಖರ್ಚಾಯಿತು’ ಎಂಬ ವರದಿಗೂ ‘ಇಷ್ಟು ಪಾಲು ನಾಯಿಗಳಿಗೆ ತಲುಪಿತು’ ಎಂಬ ವರದಿಗೂ ಇರುವ ಅಂತರ ಇದು. ಮೊದಲನೆಯದು ನಮ್ಮ ಕಚೇರಿಗಳಿಗೆ ಚೆನ್ನಾಗಿ ಒಗ್ಗಿದೆ.

ಬಲೆ ಕಂಡರೆ ಜನ ಸಿಟ್ಟಾಗುವುದು ಸಹಜ. ನಾಯಿಯನ್ನು ಹಿಡಿದೊಯ್ದು ಕೊಲ್ಲುತ್ತಾರೆ ಎಂಬ ಸಂಶಯಕ್ಕೆ ನಮ್ಮ ನಗರಸಭೆಗಳ ಇತಿಹಾಸವೇ ಕಾರಣ. ನಿನ್ನೆ ಶಾಲೆಗೆ ಬಂದವರ ಕಡೆಯವರೇ ಇವರು, ಲಸಿಕೆ ಹಾಕಿ ಬಿಡುತ್ತಾರೆ ಎಂದು ಮಗು ಅಂಗಳದಲ್ಲಿ ನಿಂತು ಹೇಳಿದರೆ ಸಂಶಯ ಕಡಿಮೆಯಾಗುತ್ತದೆ. ಮನೆಯ ನಾಯಿಯನ್ನು ಮಗುವೇ ಹಿಡಿದು ತರುತ್ತದೆ. ಪಾಠ ಬಲೆಗೆ ದಾರಿ ಮಾಡಿಕೊಡುವುದು ಹೀಗೆ.

ಎಷ್ಟನ್ನು ನಂಬಬೇಕು

ಶಿಕ್ಷಣ, ಸಹಾಯವಾಣಿ, ಲಸಿಕೆ ಎಲ್ಲವೂ ಒಟ್ಟಿಗೇ ನಡೆದವು. ಆದ್ದರಿಂದ ಯಾವುದರ ಪಾಲು ಎಷ್ಟು ಎಂದು ಈ ಪ್ರಕರಣದಿಂದ ಬಿಡಿಸಿ ಹೇಳಲಾಗದು. ನಾಯಿಗಳಲ್ಲಿ ರೋಗ ಇಳಿದದ್ದು ಮುಖ್ಯವಾಗಿ ಲಸಿಕೆಯಿಂದ ಎನ್ನುವುದರಲ್ಲಿ ಅನುಮಾನವಿಲ್ಲ. ಪಾಠದಿಂದ ಯಾವ ನಾಯಿಗೂ ರೋಗನಿರೋಧಕ ಶಕ್ತಿ ಬರುವುದಿಲ್ಲ. ಆದರೆ ಮನುಷ್ಯರ ಸಾವು ಸೊನ್ನೆಗೆ ಬರುವಾಗ ರಾಜ್ಯದಲ್ಲಿ ಇನ್ನೂ ರೇಬೀಸ್ ನಾಯಿಗಳಿದ್ದವು. ಆ ನಡುವಿನ ಅಂತರವನ್ನು ತುಂಬಿದ್ದು ಬೇಗ ತೊಳೆದ, ಬೇಗ ಆಸ್ಪತ್ರೆಗೆ ಹೋದ, ಬೇಗ ಸುದ್ದಿ ಕೊಟ್ಟ ಜನ ಎಂದು ಊಹಿಸುವುದು ತಪ್ಪಾಗಲಾರದು.

ಗೋವಾದ ಅನುಕೂಲಗಳನ್ನೂ ಮರೆಯಬಾರದು. ಚಿಕ್ಕ ರಾಜ್ಯ, ಒಳ್ಳೆಯ ರಸ್ತೆ, ಹತ್ತಿರದ ಆಸ್ಪತ್ರೆ, ಸಾಕ್ಷರತೆ ಹೆಚ್ಚು. ಹೊರಗಿನಿಂದ ದೇಣಿಗೆ ಬಂತು, ಸ್ವಯಂಸೇವಕ ಪಶುವೈದ್ಯರು ಬಂದರು. ಉತ್ತರ ಕನ್ನಡದ ಜನಸಂಖ್ಯೆ ಅಷ್ಟೇ ಇದ್ದರೂ ವಿಸ್ತೀರ್ಣ ಸುಮಾರು ಮೂರು ಪಟ್ಟು, ನಡುವೆ ಘಟ್ಟ ಮತ್ತು ಕಾಡು. ಜೋಯಿಡಾದ ಒಂದು ಮಜಿರೆಯಲ್ಲಿ ಸುದ್ದಿ ಕೊಡಲು ಮೊಬೈಲ್ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಪರಿಸ್ಥಿತಿಗೆ ಗೋವಾದ ಮಾದರಿಯಲ್ಲಿ ಉತ್ತರವಿಲ್ಲ. ಅಲ್ಲಿ ಆಶಾ ಕಾರ್ಯಕರ್ತೆ ಮತ್ತು ಹಾಲು ಸಂಘದ ಗಾಡಿಯೇ ಸಹಾಯವಾಣಿ ಆಗಬೇಕಾಗುತ್ತದೆ.

ಗಡಿಯ ಈಚೆ

ಗೋವಾ ಸರ್ಕಾರ 2021ರಲ್ಲಿ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಸಾರಿತು. ಆದರೆ ನಾಯಿಗೆ ತಪಾಸಣಾ ಠಾಣೆಯಿಲ್ಲ. ಕಾಣಕೋಣ, ಸತ್ತರಿ, ಧಾರಬಾಂದೋಡಾ ಕಡೆಯ ಗಡಿಗೆ ಹೊಂದಿಕೊಂಡಿರುವುದು ನಮ್ಮ ಕಾರವಾರ, ಖಾನಾಪುರ, ಜೋಯಿಡಾ. ಈಚೆ ಲಸಿಕೆ ಇಲ್ಲದಿದ್ದರೆ ಆಚೆಯ ಎಪ್ಪತ್ತಕ್ಕೆ ಪ್ರತಿ ವರ್ಷ ಪರೀಕ್ಷೆ. ಕೆಲಸಕ್ಕಾಗಿ ಗೋವಾಕ್ಕೆ ಹೋಗಿ ಬರುವ ಉತ್ತರ ಕರ್ನಾಟಕದ ಕುಟುಂಬಗಳೂ ಈ ಸರಪಳಿಯಲ್ಲಿವೆ. ಊರಿನಲ್ಲಿ ಕಚ್ಚಿಸಿಕೊಂಡು ಮೊದಲ ಚುಚ್ಚುಮದ್ದು ಪಡೆದು ವಾಸ್ಕೋಗೆ ಕೂಲಿಗೆ ಹೋದವರು ಉಳಿದ ಮೂರನ್ನು ಎಲ್ಲಿ ಪಡೆಯಬೇಕು ಎಂದು ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರ.

ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಕೇಂದ್ರ ಸರ್ಕಾರ 2030ರೊಳಗೆ ನಾಯಿಯಿಂದ ಬರುವ ರೇಬೀಸ್ ಕೊನೆಗಾಣಿಸುವ ರಾಷ್ಟ್ರೀಯ ಯೋಜನೆಯನ್ನು 2021ರಲ್ಲೇ ಪ್ರಕಟಿಸಿದೆ. ಕಾಗದದ ಮೇಲೆ ಕೊರತೆಯಿಲ್ಲ. ಕೊರತೆಯಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಒಂದು ಬಾಟಲಿಯನ್ನು ಹಲವರಿಗೆ ಹಂಚಬಹುದು. ಆದರೆ ತೆರೆದ ಮೇಲೆ ಆರೆಂಟು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ‘ಇನ್ನಿಬ್ಬರು ಬರಲಿ’ ಎಂದು ಕಾಯಿಸುವ, ‘ನಾಳೆ ಬನ್ನಿ’ ಎನ್ನುವ ಅಭ್ಯಾಸ ಕೆಲವು ಕಡೆ ಬೆಳೆದಿದೆ. ಹದಿನೈದು ನಿಮಿಷ ತೊಳೆದು, ಕೂಲಿ ಬಿಟ್ಟು, ಬಸ್ ಹತ್ತಿ ಬಂದವನನ್ನು ಒಮ್ಮೆ ಹೀಗೆ ವಾಪಸು ಕಳಿಸಿದರೆ ಸಾಕು, ಆ ಊರಿನಲ್ಲಿ ಮುಂದಿನ ಐದು ವರ್ಷ ಯಾವ ಪಾಠವೂ ನಾಟುವುದಿಲ್ಲ. ಒಬ್ಬನೇ ಬಂದರೂ ಬಾಟಲಿ ತೆರೆಯಬೇಕು. ಉಳಿದ ಲಸಿಕೆ ಹಾಳಾದರೆ ಅದನ್ನು ಸಿಬ್ಬಂದಿಯ ತಪ್ಪೆಂದು ಲೆಕ್ಕಕ್ಕೆ ಹಿಡಿಯಬಾರದು ಎಂದು ಮೇಲಿನಿಂದ ಬರಹದಲ್ಲಿ ಬರಬೇಕು.

ನಮ್ಮ ಹಳ್ಳಿಗಳ ಪಾಠದಲ್ಲಿ ಗೋವಾದ್ದಕ್ಕಿಂತ ಒಂದೆರಡು ವಿಷಯ ಹೆಚ್ಚು ಬೇಕು. ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲು ಕುಡಿದೆವೆಂದು ಇಡೀ ಕೇರಿ ಆಸ್ಪತ್ರೆಗೆ ಓಡಿಬರುವುದುಂಟು. ಕಾಯಿಸಿದ ಹಾಲಿನಿಂದ ರೇಬೀಸ್ ಬರುವುದಿಲ್ಲ. ಆದರೆ ಜೊಲ್ಲು ಸುರಿಸುತ್ತಿರುವ ಆ ಹಸುವಿನ ಬಾಯಿಗೆ ಕೈ ಹಾಕಿ ಗಂಜಿ ಕುಡಿಸಿದವರಿಗೆ ಚುಚ್ಚುಮದ್ದು ಬೇಕಾಗಬಹುದು. ಇಲ್ಲಿ ಓಡಿ ಬರುವವರು ಹಾಲು ಕುಡಿದವರು, ಮನೆಯಲ್ಲೇ ಉಳಿಯುವವರು ಹಸು ನೋಡಿಕೊಂಡವರು. ಬೆಕ್ಕು, ಕೋತಿ ಪರಚಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲಿ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಈ ಲಸಿಕೆ ಬೇಡ.

ಖರ್ಚಿನ ಪ್ರಶ್ನೆ ಉಳಿಯುತ್ತದೆ. ಗೋವಾದ ಲೆಕ್ಕದಲ್ಲಿ ಆರೋಗ್ಯವಂತ ಬದುಕಿನ ಒಂದು ವರ್ಷ ಉಳಿಸಲು ತಗುಲಿದ್ದು 526 ಡಾಲರ್. ಆರೋಗ್ಯ ಅರ್ಥಶಾಸ್ತ್ರದ ಅಳತೆಯಲ್ಲಿ ಇದು ಅಗ್ಗವೆಂದೇ ಅರ್ಥ. ತೊಡಕು ಇರುವುದು ಬೇರೆಡೆ. ನಾಯಿಗೆ ಲಸಿಕೆ ಹಾಕುವ ಖರ್ಚು ಪಶುಸಂಗೋಪನಾ ಇಲಾಖೆಯದ್ದು, ಉಳಿಯುವ ಜೀವ ಆರೋಗ್ಯ ಇಲಾಖೆಯ ಲೆಕ್ಕದ್ದು, ಬೀದಿನಾಯಿಯ ಹೊಣೆ ಸ್ಥಳೀಯ ಸಂಸ್ಥೆಯದ್ದು, ಮಕ್ಕಳು ಶಿಕ್ಷಣ ಇಲಾಖೆಯವರು. ಗೋವಾದಲ್ಲಿ ಈ ನಾಲ್ವರ ನಡುವೆ ಓಡಾಡಲು ಒಂದು ಹೊರಗಿನ ಸಂಸ್ಥೆ ಇತ್ತು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಆ ಓಡಾಟವನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಮಾಡಬಹುದು. ನಾಲ್ಕೂ ಇಲಾಖೆಯವರು ತಿಂಗಳ ಪ್ರಗತಿ ಪರಿಶೀಲನಾ ಸಭೆಗೆ ಹೇಗೂ ಅವರ ಮುಂದೆಯೇ ಬಂದು ಕೂರುತ್ತಾರೆ. ಶುರು ಮಾಡಲು ಬೇಕಾದದ್ದು ಆ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು, ಶಾಲೆಗಳಲ್ಲಿ ಬರೆಸಲು ಒಂದು ಫೋನ್ ಸಂಖ್ಯೆ, ಆ ಫೋನ್ ಎತ್ತಿದವರ ಕೈಯಲ್ಲಿ ಒಂದು ವಾಹನ ಮತ್ತು ಬಲೆ ಹಿಡಿಯಲು ಕಲಿತ ನಾಲ್ಕು ಜನ.